ಐದು ನಿಮಿಷದ ಅಡುಗೆ

ವರ್ಡ್‌ಪ್ರೆಸ್ 2003ರಲ್ಲಿ ಹುಟ್ಟಿದ, ಜಾಲತಾಣ ಕಟ್ಟುವ ಮುಕ್ತ ತಂತ್ರಾಂಶ. ಬಿಡಿಗಾಸೂ ಕೊಡಬೇಕಿಲ್ಲ, ಐದೇ ನಿಮಿಷದಲ್ಲಿ ಸ್ಥಾಪನೆ ಎಂಬುದು ಅದರ ಹೆಸರಾಂತ ಹೆಗ್ಗಳಿಕೆ. ಐದು ನಿಮಿಷ ಯಾರಿಗೆ ಎಂದು ಮಾತ್ರ ಕೇಳಬಾರದು.

ಬಿಸಿಬೇಳೆಬಾತ್ ಐದೇ ನಿಮಿಷ ಎನ್ನುವ ನಮ್ಮ ಅತ್ತಿಗೆಯೂ ಬೇಳೆ ಬೇಯಿಸಿದ್ದನ್ನು, ಪುಡಿ ಹುರಿದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲೂ ಅಷ್ಟೇ: ಡೊಮೇನ್, ಹೋಸ್ಟಿಂಗ್, ಡೇಟಾಬೇಸ್ ಮೊದಲೇ ಸಿದ್ಧವಿರಬೇಕು. ಡೇಟಾಬೇಸ್ ಹೆಸರೇನೆಂದು ಪರದೆ ಕೇಳಿದಾಗ, ಪಾಪ, ಎಷ್ಟು ಜನ ಮನೆದೇವರ ಹೆಸರು ಟೈಪಿಸಿದ್ದಾರೋ!

2018ರಲ್ಲಿ ವರ್ಡ್‌ಪ್ರೆಸ್‌ಗೆ ಗುಟೆನ್‌ಬರ್ಗ್ ಎಡಿಟರ್ ಬಂದು, ಪುಟವನ್ನು ಇಟ್ಟಿಗೆಯಂತೆ ಜೋಡಿಸಬಹುದಾಯಿತು. ಸಂತೋಷ. ಆದರೆ ಇಟ್ಟಿಗೆ ಇಡಲು ಮೊದಲು ಸೈಟು ಬೇಕಲ್ಲ!

ತಂತ್ರಜ್ಞರೇ, ಮುಂದಿನ ಆವೃತ್ತಿ ಬಿಡುವ ಮುನ್ನ ನಿಮ್ಮ ಮಾವನವರ ಕೈಗೆ ಮೌಸ್ ಕೊಡಿ. ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿ.