ಪಥ್ಯದ ಮೇಷ್ಟ್ರು

ಬೇತಮಂಗಲದಲ್ಲಿ ಯಾರ ಮನೆಯ ಮದುವೆಯಾದರೂ ಬಡಿಸುವ ಹುಡುಗರಿಗೆ ಮೊದಲೇ ಒಂದು ಮಾತು ಹೇಳಿರುತ್ತಾರೆ: “ಆ ಕೊನೇ ಎಲೆ ಮೇಷ್ಟ್ರದು. ಕೇಳಿ ಬಡಿಸ್ರಪ್ಪ.” ಕೇಳಿ ಬಡಿಸಲು ಹೋದರೆ ಆಗುವುದೇನೆಂದರೆ, ಪಂಕ್ತಿಯೆಲ್ಲ ಮಜ್ಜಿಗೆಗೆ ಬಂದರೂ ಮೇಷ್ಟ್ರ ಎಲೆಗೆ ಪಲ್ಯ ಇಳಿದಿರುವುದಿಲ್ಲ. ಇದಕ್ಕೆ ಈರುಳ್ಳಿ ಬಿದ್ದಿದೆಯೇ? ಬೇಳೆ ಯಾವುದು? ಒಗ್ಗರಣೆಯ ಬೆಳ್ಳುಳ್ಳಿ ಹಾಕಿ ತೆಗೆದದ್ದೋ, ಹಾಕಿ ಬಿಟ್ಟದ್ದೋ? ಇಂಗು ಗಟ್ಟಿಯೋ, ಡಬ್ಬಿಯದೋ? ಡಬ್ಬಿಯ ಇಂಗಿಗೆ ಗೋಧಿಹಿಟ್ಟು ಬೆರೆಸಿರುತ್ತಾರೆ ಎಂಬುದನ್ನು ನಮ್ಮೂರಿನ ಅಡುಗೆಯವರಿಗೆ ತಿಳಿಸಿಕೊಟ್ಟವರು ಮೇಷ್ಟ್ರೇ. ಅಂದಿನಿಂದ ಅಡುಗೆಯವರು ಅವರನ್ನು ಕಂಡರೆ ಹಿತ್ತಲ ಬಾಗಿಲಿಗೆ ಹೋಗುತ್ತಾರೆ.

ಇಂಥವರು ಈಗ ಊರಿಗೊಬ್ಬರಿದ್ದಾರೆ. ಹಿಂದೆಯೂ ಪಥ್ಯ ಮಾಡುವವರಿದ್ದರು. ನಾಟಿ ವೈದ್ಯರು ಔಷಧಿ ಕೊಟ್ಟು ‘ಹುಳಿ, ಬದನೆಕಾಯಿ ಮುಟ್ಟಬೇಡ’ ಎಂದರೆ ಮಂಡಲ ಮುಗಿಯುವ ತನಕ ಮುಟ್ಟುತ್ತಿರಲಿಲ್ಲ, ಮುಗಿದ ಮಾರನೆಯ ದಿನ ಎಣ್ಣೆಗಾಯಿ ಮಾಡಿಸಿಕೊಂಡು ತಿನ್ನುತ್ತಿದ್ದರು. ಆ ಪಥ್ಯಕ್ಕೆ ಸಿದ್ಧಾಂತವೂ ಇರಲಿಲ್ಲ, ಶ್ರೋತೃಗಳೂ ಬೇಕಿರಲಿಲ್ಲ. ಮೇಷ್ಟ್ರ ಪಥ್ಯಕ್ಕೆ ಎರಡೂ ಬೇಕು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು ಅವರು. ಪೆನ್ಷನ್ ಶುರುವಾದಂತೆ ಹೊಟ್ಟೆಯುಬ್ಬರವೂ ಶುರುವಾಯಿತು. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಆಯಿತು. ಎಲ್ಲವೂ ನಾರ್ಮಲ್ ಬಂದದ್ದು ಅವರಿಗೆ ತುಸು ಅವಮಾನವಾದಂತೆ ಕಂಡಿತು. ಕೊನೆಗೆ ಅಳಿಯ ಬೆಂಗಳೂರಿನ ಡಯಟೀಷಿಯನ್ ಒಬ್ಬರ ಹತ್ತಿರ ಕರೆದುಕೊಂಡು ಹೋದ. ಮೇಷ್ಟ್ರು ಹಿಂದಿರುಗಿದಾಗ ಕೈಯಲ್ಲಿ ನಾಲ್ಕು ಪುಟದ ಒಂದು ಪಟ್ಟಿ, ಬಾಯಲ್ಲಿ ‘ಫಾಡ್‌ಮ್ಯಾಪ್’ ಎಂಬ ಮಂತ್ರ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪಥ್ಯವಂತೆ ಅದು. ಕೆಲವು ಜಾತಿಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಹುದುಗಿ ಗಾಳಿ ಎಬ್ಬಿಸುತ್ತವೆ. ಎರಡರಿಂದ ಆರು ವಾರ ಅಂಥದ್ದನ್ನೆಲ್ಲ ಬಿಡಬೇಕು. ಆಮೇಲೆ ಒಂದೊಂದನ್ನೇ ವಾಪಸು ತಂದು, ಕಳ್ಳ ಯಾರೆಂದು ಪತ್ತೆ ಮಾಡಬೇಕು. ಎಲ್ಲರಿಗೂ ಗುಣ ಕಾಣುತ್ತದೆಂಬ ಭರವಸೆಯೇನೂ ಇಲ್ಲ. ಇಷ್ಟೇ ವಿಷಯ. ಇದನ್ನು ಮೇಷ್ಟ್ರು ಬಸ್ ಸ್ಟಾಂಡಿನಲ್ಲಿ ವಿವರಿಸತೊಡಗಿದರೆ ಎರಡು ಕೆಜಿಎಫ್ ಬಸ್ಸು, ಒಂದು ಬಂಗಾರಪೇಟೆ ಬಸ್ಸು ಹೋಗಿಬಿಡುತ್ತವೆ.

ಪಟ್ಟಿ ಮೆಲ್ಬರ್ನ್‌ನದಾದರೂ ಏಟು ಬಿದ್ದದ್ದು ಕೋಲಾರ ಜಿಲ್ಲೆಗೆ. ಹಾಲು ಬಿಡಬೇಕು, ನಮ್ಮಲ್ಲಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಯುವುದೇ ಡೇರಿಯ ಹಾಲಿನ ದುಡ್ಡಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ ಬಿಡಬೇಕು. ಕಾಳುಗಳನ್ನು ಬಿಡಬೇಕು, ಅಂದಮೇಲೆ ಹುರುಳಿ ಬಸ್ಸಾರು ಹೋಯಿತು, ಇದುಕಿದ ಬೇಳೆ ಸಾರೂ ಹೋಯಿತು. ಮೇಷ್ಟ್ರು ವ್ರತ ಹಿಡಿದದ್ದಾದರೂ ಯಾವಾಗ? ಡಿಸೆಂಬರ್‌ನಲ್ಲಿ! ಬೀದಿಬೀದಿಯಲ್ಲಿ ಅವರೆಕಾಯಿ ಸುರಿದುಕೊಂಡು ಕೂತಿರುವಾಗ, ಸೊಗಡು ಮೂಗಿಗೆ ಬಡಿಯುವಾಗ, ಪಕ್ಕದ ಮನೆಯ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಕಾಳು ಇದುಕುವಾಗ ಈ ಮನುಷ್ಯ ನಾಲ್ಕು ಪುಟದ ಪಟ್ಟಿ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದರು. ಅವರ ಧೈರ್ಯ ಮೆಚ್ಚಲೇಬೇಕು. ಪುಣ್ಯಕ್ಕೆ ರಾಗಿ ಉಳಿಯಿತು, ಅನ್ನ ಉಳಿಯಿತು, ಮಿತಿಯಲ್ಲಿ ಟೊಮ್ಯಾಟೊ ಉಳಿಯಿತು. “ನೋಡಿ, ಮುದ್ದೆಗೆ ಆಸ್ಟ್ರೇಲಿಯಾದವರೇ ಪಾಸ್ ಮಾರ್ಕ್ ಕೊಟ್ಟವ್ರೆ” ಎಂದು ಹೇಳಿಕೊಂಡು ತಿರುಗಿದರು.

ಮೊದಲ ವಾರ ಉತ್ಸಾಹ. ಎರಡನೆಯ ವಾರ ನೋಟ್‌ಬುಕ್. ನೂರು ಪುಟದ ಪುಸ್ತಕಕ್ಕೆ ಸ್ಕೇಲಿನಲ್ಲಿ ಗೆರೆ ಎಳೆದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಅಂಕಣ ಮಾಡಿ, ಉಬ್ಬರಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡತೊಡಗಿದರು. ಮಕ್ಕಳಿಗೆ ಅರ್ಧ ಮಾರ್ಕು ಕೊಡಲೂ ಕೈ ಹಿಡಿಯುತ್ತಿದ್ದವರು ಹೊಟ್ಟೆಗೆ ಮಾತ್ರ ಧಾರಾಳವಾಗಿ ಏಳು, ಎಂಟು ಹಾಕಿದರು. ಮೂರನೆಯ ವಾರವೂ ಏಳೇ. ನಾಲ್ಕನೆಯ ವಾರದ ಒಂದು ದಿನ ಆರೂವರೆ ಬಂತು. ಆ ಅರ್ಧ ಅಂಕದ ಸುದ್ದಿ ಕೆರೆ ಕಟ್ಟೆಯ ಮೇಲೆ ವಾಕಿಂಗ್ ಹೋಗುವ ನಮಗೆಲ್ಲ ಸೂರ್ಯ ಹುಟ್ಟುವ ಮೊದಲೇ ತಲುಪಿತು. ಮರುದಿನ ಮತ್ತೆ ಏಳು. ಆಗ ಮೌನ.

ಮೌನ ಮುರಿದದ್ದು ಟೀ ಅಂಗಡಿಯಲ್ಲಿ. ಕೈಯಲ್ಲಿ ಹಾಲಿಲ್ಲದ ಕರಿ ಟೀ ಹಿಡಿದು, ತಮಗೆ ತಾವೇ ಧೈರ್ಯ ಹೇಳಿಕೊಳ್ಳುವ ದನಿಯಲ್ಲಿ ಶುರು ಮಾಡಿದರು: “ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದದ್ದು 1880ರಲ್ಲಿ. ವರ್ಷಗಟ್ಟಲೆ ಅಗೆದರು, ಕೈಗೆ ಬಂದದ್ದು ಕಲ್ಲು. ಲಂಡನ್ನಿನ ಷೇರುದಾರರು ‘ಸಾಕು, ಮುಚ್ಚಿ’ ಅಂತ ಕೂತರು. ಆಮೇಲೆ ಕ್ಯಾಪ್ಟನ್ ಪ್ಲಮರ್ ಅನ್ನೋನು ಹಳೇ ಕಾಲದೋರು ತೋಡಿದ್ದ ಗುಂಡಿಗಳನ್ನೇ ಇನ್ನೂ ಕೆಳಕ್ಕೆ ಅಗೆಸಿದ. ಚಾಂಪಿಯನ್ ಲೋಡ್ ಅನ್ನೋ ಚಿನ್ನದ ಪಟ್ಟೆ ಸಿಕ್ತು! ಮುಚ್ಚಿದ್ದರೆ ಕೆಜಿಎಫ್ ಎಲ್ಲಿರ್ತಿತ್ತು? ನಮ್ಮ ಕೆರೆ ನೀರು ಅಲ್ಲಿಗ್ಯಾಕೆ ಹೋಗ್ತಿತ್ತು? ತಾಳ್ಮೆ ಬೇಕು.”

ಮೂಲೆಯಲ್ಲಿ ಬನ್ ಅದ್ದಿಕೊಂಡು ತಿನ್ನುತ್ತಿದ್ದ ಗಣಿಯ ಹಳೇ ಕಾರ್ಮಿಕರೊಬ್ಬರು ತಲೆಯೆತ್ತಿದರು. “ಅದು ಸರಿ ಮೇಷ್ಟ್ರೇ, ಆ ಗಣೀನೇ 2001ರ ಫೆಬ್ರವರಿ 28ಕ್ಕೆ ಬಾಗ್ಲು ಹಾಕ್ಬಿಟ್ರಲ್ಲ. ಬರೋ ಚಿನ್ನಕ್ಕಿಂತ ಖರ್ಚೇ ಜಾಸ್ತಿ ಆಯ್ತು ಅಂತ.” ಅಂಗಡಿಯಲ್ಲಿ ಎಲ್ಲರೂ ನಕ್ಕರು. ಖರ್ಚಿನ ಮಾತು ಮೇಷ್ಟ್ರಿಗೆ ನಾಟಿತು. ಅಳಿಯ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದ ಕಿನೋವಾದ ಬೆಲೆ ಅವರಿಗೆ ಗೊತ್ತಿತ್ತು.

ಗುಣ ಕಾಣಿಸದೆ ಹೋಯಿತೆಂದಲ್ಲ, ಕಾಣಿಸಿದ್ದು ಬೇರೆಯವರಿಗೆ. ಬೆಳ್ಳುಳ್ಳಿಯ ದೋಷ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ; ಆದ್ದರಿಂದ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರೆ ಪರಿಮಳ ಪಥ್ಯದವರಿಗೆ ದಕ್ಕುತ್ತದೆ ಎಂದು ಪಟ್ಟಿಯಲ್ಲಿತ್ತು. ಹುರಿದ ಎಸಳನ್ನು ಎಸೆಯಲು ಮನಸ್ಸು ಬಾರದೆ ಅವರ ಮನೆಯವರು ಅಷ್ಟನ್ನೂ ಮುದ್ದೆಯ ಜೊತೆ ತಾವೇ ತಿಂದರು. “ರೀ, ನಿಮ್ಮ ಪಥ್ಯ ಬಲು ಚೆನ್ನಾಗಿದೆ ಕಣ್ರೀ, ನನ್ನ ಮಂಡಿ ನೋವು ಎಷ್ಟೋ ಇಳೀತು” ಎಂದರಂತೆ. ಮೇಷ್ಟ್ರು ಆ ಹೊತ್ತು ಊಟ ಬಿಟ್ಟೆದ್ದರು.

ಐದನೆಯ ವಾರ ಪತನ. ಬಂಗಾರಪೇಟೆಗೆ ಯಾವುದೋ ಬ್ಯಾಂಕ್ ಕೆಲಸಕ್ಕೆ ಹೋದವರನ್ನು ಪಾನಿಪುರಿ ಗಾಡಿಯ ಮುಂದೆ ನೋಡಿದವರಿದ್ದಾರೆ. ಬೆಂಗಳೂರಿನಲ್ಲೂ ಬೋರ್ಡು ಹಾಕಿಕೊಂಡು ಮಾರುವ ಬಂಗಾರಪೇಟೆ ಪಾನಿಪುರಿಯ ವಿಶೇಷ ಅದರ ನೀರು: ಹಸಿರಲ್ಲ, ಕಂದಲ್ಲ, ತಿಳಿಯಾಗಿ ನಲ್ಲಿ ನೀರಿನಂತೆಯೇ ಕಾಣುತ್ತದೆ, ಬಾಯಿಗೆ ಬಿದ್ದರೆ ಕಿವಿಯಲ್ಲಿ ಹೊಗೆ. ವಿಚಾರಿಸಿದಾಗ ಮೇಷ್ಟ್ರು ಸಮರ್ಥಿಸಿಕೊಂಡರು: “ಪೂರಿ ಮುಟ್ಟಲಿಲ್ಲಪ್ಪ. ಬರೀ ನೀರು ಕುಡಿದೆ.” ಬೆಳ್ಳುಳ್ಳಿಯ ಸತ್ವ ಕರಗುವುದು ನೀರಿನಲ್ಲಿ ಎಂದು ನಮಗೆ ಪಾಠ ಹೇಳಿದವರೂ ಅವರೇ.

ಜಾರಿದ್ದರಲ್ಲಿ ತಪ್ಪೇನಿಲ್ಲ, ಯಾರಾದರೂ ಜಾರುತ್ತಾರೆ. ಆದರೆ ಈ ಜಾತಿಯ ಜನ ಜಾರಿದ ಮೇಲೆ ಎದ್ದು ಮುಂದಕ್ಕೆ ನಡೆಯುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಹೊಸ ನೋಟ್‌ಬುಕ್, ಹೊಸ ಗೆರೆ, ಮೊದಲನೆಯ ದಿನ. ಹೀಗೆ ಮೊದಲನೆಯ ದಿನಗಳನ್ನೇ ಪೋಣಿಸುತ್ತಾ ಸಂಕ್ರಾಂತಿ ಹೋಯಿತು, ಯುಗಾದಿಯ ಹೋಳಿಗೆ ಹೋಯಿತು, ಶ್ರೀನಿವಾಸಪುರದ ಮಾವು ಮಾರುಕಟ್ಟೆಗೆ ಇಳಿಯಿತು. ಮಾವೂ ಪಟ್ಟಿಯಲ್ಲಿದೆ. ಫಲಿತಾಂಶ ನಿಧಾನವಾದಷ್ಟೂ ಬಿಡುವ ಪದಾರ್ಥಗಳು ಹೆಚ್ಚಿದವು. ಡಯಟೀಷಿಯನ್ ಬಿಡಿಸದ ಬದನೆಕಾಯಿ, ಕಡ್ಲೆಕಾಯಿ, ಕೊನೆಗೆ ಹುಣಸೆಹುಳಿಯನ್ನೂ ತಾವಾಗಿ ಬಿಟ್ಟರು. ಬಿಡುವುದರಲ್ಲಿ ಒಂದು ಮರ್ಯಾದೆಯಿದೆ ನೋಡಿ. ‘ಮೇಷ್ಟ್ರು ಹಾಲು ಬಿಟ್ಟರಂತೆ’ ಎಂದರೆ ಊರು ತಲೆದೂಗುತ್ತದೆ, ‘ಮತ್ತೆ ಹಿಡಿದರಂತೆ’ ಎಂದರೆ ನಗುತ್ತದೆ. ಆದರೆ ಈ ಪಥ್ಯದ ಪ್ರಾಣವಿರುವುದು ಹಿಡಿಯುವುದರಲ್ಲಿ. ಒಂದೊಂದನ್ನೇ ತಂದು ನೋಡದಿದ್ದರೆ ಬಿಟ್ಟದ್ದಕ್ಕೆ ಅರ್ಥವೇ ಇಲ್ಲ. ಬಹಳ ಕಾಲ ಬಿಟ್ಟೇ ಕೂತರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ.

ಕೊನೆಗೆ ಡಯಟೀಷಿಯನ್ ಫೋನಿನಲ್ಲೇ ಗದರಿಸಿ ವಾಪಸಾತಿ ಶುರು ಮಾಡಿಸಿದರು. ಮೊದಲ ಸರದಿ ಹಾಲಿನದು. ಒಂದು ಲೋಟ ಹಾಲು ಕುಡಿದು ನೋಟ್‌ಬುಕ್ ತೆರೆದು ಕೂತ ಮೇಷ್ಟ್ರು ಎರಡು ಗಂಟೆಯೊಳಗೆ ಪೆನ್ನು ಬಿಟ್ಟು ಓಡಿದರು. ಮಾರನೆಯ ದಿನ ಕಟ್ಟೆಯ ಮೇಲೆ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಇಷ್ಟು ಸಾಮಾನ್ಯ ಕಳ್ಳನೇ? ದಕ್ಷಿಣ ಭಾರತದ ವಯಸ್ಕರಲ್ಲಿ ಬಹುಪಾಲು ಜನರಿಗೆ ಹಾಲಿನ ಲ್ಯಾಕ್ಟೋಸ್ ಪೂರ್ತಿ ಅರಗುವುದಿಲ್ಲ, ಮೊಸರು, ಮಜ್ಜಿಗೆಯಾದರೆ ತಕ್ಕಮಟ್ಟಿಗೆ ನಡೆಯುತ್ತದೆ ಎಂದು ಕೇಳಿ ಇನ್ನಷ್ಟು ಕುಗ್ಗಿದರು. ಊರಿನ ಅರ್ಧ ಜನರಿಗಿರುವ ಕಾಯಿಲೆಯನ್ನು ಹಿಡಿದುಕೊಂಡು ಯಾರಿಗೆ ಏನು ವಿವರಿಸುವುದು? ಸದ್ಯ ಅವರ ಅನುಮಾನ ಬೋರ್‌ವೆಲ್ ನೀರಿನ ಕಡೆ ತಿರುಗಿದೆ.

ಉಳಿದ ಸರದಿಗಳು ಇನ್ನೂ ನಡೆಯುತ್ತಿವೆ. ಕಾಳಿನ ಸರದಿಯನ್ನು ಬೇಕೆಂದೇ ಈ ಸಂಕ್ರಾಂತಿಗೆ ಇಟ್ಟುಕೊಂಡಿದ್ದಾರೆ. ಆಗ ಬೇತಮಂಗಲದ ಕಡೆ ಬರುವವರು ಅವರ ಮನೆಗೆ ಎರಡು ಸೇರು ಅವರೆಕಾಯಿ ಹಿಡಿದು ಹೋಗಿ, ಬೇಕಾದರೆ ಕೂತು ಕಾಳು ಇದುಕಿಯೂ ಕೊಡಿ. ಹೊಟ್ಟೆ ಹೇಗಿದೆ ಎಂದು ಮಾತ್ರ ಕೇಳಬೇಡಿ, ಕೊನೆಯ ಬಸ್ಸು ತಪ್ಪಿಹೋಗುತ್ತದೆ.