ಕೊಲೆಸ್ಟ್ರಾಲ್ ಯಜಮಾನರು

ಕೊಲೆಸ್ಟ್ರಾಲ್ ಯಜಮಾನರು ಐವತ್ತರ ಆಚೀಚೆ ಕಾಣಿಸಿಕೊಳ್ಳುವ ಒಂದು ಗೃಹಸ್ಥ ಪ್ರಭೇದ. ನಾಡಿನ ಎಲ್ಲ ಊರುಗಳಲ್ಲೂ ಇವರು ಉಂಟು. ಬೆಣ್ಣೆ ದೋಸೆಗೆ ಹೆಸರಾದ ದಾವಣಗೆರೆಯಲ್ಲಿ ಇವರ ಗುಣಲಕ್ಷಣಗಳು ಪೂರ್ತಿ ಅರಳುತ್ತವೆ. ಹುಟ್ಟಿನಿಂದ ಈ ಪದವಿ ಬರುವುದಿಲ್ಲ. ಲಿಪಿಡ್ ಪ್ರೊಫೈಲ್ ರಿಪೋರ್ಟಿನಲ್ಲಿ ಎಲ್‌ಡಿಎಲ್ ಎದುರಿಗೆ 160 ದಾಟಿದ ಅಂಕಿ ದಪ್ಪಕ್ಷರದಲ್ಲಿ ಅಚ್ಚಾದ ದಿನ ಪಟ್ಟಾಭಿಷೇಕ. ಅಂದಿನಿಂದ ರಿಪೋರ್ಟು ನಾಲ್ಕು ಮಡಿಕೆಯಾಗಿ ಅಂಗಿಜೇಬು ಸೇರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಯಾರೂ ಕೇಳದಿದ್ದರೂ ಹೊರಗೆ ಬರುತ್ತದೆ.

ರಿಪೋರ್ಟಿನ ಅಂಕಿಗಳಲ್ಲಿ ಇವರಿಗೆ ಆಪ್ತವಾದವು ಎರಡು. ಎಲ್‌ಡಿಎಲ್ ಹೆಚ್ಚಾದರೆ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ಕೂಡುತ್ತದೆ, ಹಾಗಾಗಿ ಅದು ‘ಕೆಟ್ಟದ್ದು’. ಎಚ್‌ಡಿಎಲ್ ಹೆಚ್ಚುವರಿ ಕೊಲೆಸ್ಟ್ರಾಲನ್ನು ಯಕೃತ್ತಿಗೆ ಮರಳಿಸುತ್ತದೆ, ಹಾಗಾಗಿ ‘ಒಳ್ಳೆಯದು’. ದಲ್ಲಾಳಿ ಅಂಗಡಿಯ ಜಮಾ-ಖರ್ಚಿನಲ್ಲಿ ಪಳಗಿದ ಬುದ್ಧಿಗೆ ಇಷ್ಟು ಸಾಕು: ಒಂದು ಒಳ್ಳೆಯದು ತಿಂದರೆ ಒಂದು ಕೆಟ್ಟದ್ದು ಚುಕ್ತಾ. ಈ ಪ್ರಭೇದದ ಊಟ-ತಿಂಡಿಯೆಲ್ಲ ಈ ಸಿದ್ಧಾಂತದ ಮೇಲೆಯೇ ನಿಂತಿದೆ. ಸೇರಿಸುವುದುಂಟು, ತೆಗೆಯುವುದಿಲ್ಲ.

ಮೊದಲು ಸೇರುವುದು ಓಟ್ಸ್. ಆಯ್ಕೆ ತಪ್ಪಲ್ಲ. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ-ಗ್ಲುಕಾನ್ ಎಂಬ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತಾಮ್ಲವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಒಳಗೆ ಹೋದರೆ ಎಲ್‌ಡಿಎಲ್ ತುಸು ಇಳಿಯುತ್ತದೆ. ಆದರೆ ಯಜಮಾನರ ಓಟ್ಸ್ ಉಪ್ಪಿಟ್ಟಿಗೆ ತುಪ್ಪದ ಒಗ್ಗರಣೆ ಬೀಳುತ್ತದೆ, ಮೇಲೆ ಕಾಯಿತುರಿ. ಅದೂ ತಿಂಡಿಯಲ್ಲ, ತಿಂಡಿಗೆ ಪೀಠಿಕೆ. ಕುಂದವಾಡ ಕೆರೆ ಸುತ್ತಿ ಬಂದ ಮೇಲೆ ಸವಾರಿ ದೋಸೆ ಹೋಟೆಲಿಗೆ. “ಕೆಳಗ ಓಟ್ಸ್ ಹಾಸೇತಿ, ಬೆಣ್ಣಿ ಅದರ ಮ್ಯಾಲ ಜಾರ್ಕೊಂಡು ಹೊಕ್ಕತಿ” ಎಂಬುದು ಜೊತೆಗಾರರಿಗೆ ಕೊಡುವ ವಿವರಣೆ.

ಹೋಟೆಲಿನ ನಡವಳಿಕೆ ಹತ್ತಿರದಿಂದ ನೋಡತಕ್ಕದ್ದು. ಕೂತ ಕೂಡಲೇ “ಬೆಣ್ಣಿ ಕಮ್ಮಿ ಹಾಕಪ್ಪಾ” ಎಂಬ ಆಜ್ಞೆ, ಸುತ್ತಲಿನ ಮೂರು ಟೇಬಲ್ಲಿಗೆ ಕೇಳುವಷ್ಟು ಗಟ್ಟಿಯಾಗಿ. ಹಂಚಿನ ಮುಂದೆ ನಿಂತವನಿಗೆ ಕಮ್ಮಿ ಎಂಬ ಅಳತೆ ಗೊತ್ತಿಲ್ಲ. ದೋಸೆ ಬಂದಾಗ ಯಜಮಾನರು ಮೇಲಿನ ಮುದ್ದೆಯನ್ನು ಚಮಚದ ಹಿಂಬದಿಯಿಂದ ತಟ್ಟೆಯ ಅಂಚಿಗೆ ತಳ್ಳಿ, ಎದುರಿಗೆ ಕೂತವರಿಗೆ ತೋರಿಸಿ, ನಿಟ್ಟುಸಿರು ಬಿಡುತ್ತಾರೆ. ಆಲೂಗಡ್ಡೆ ಪಲ್ಯ ಮುಗಿಯುವ ಹೊತ್ತಿಗೆ ಅದು ಕರಗಿರುತ್ತದೆ. ದೋಸೆಯ ಕೊನೆಯ ಚೂರು ತಟ್ಟೆಯ ಅಂಚನ್ನು ಒಂದು ಸುತ್ತು ಹಾಕಿ ಬಾಯಿಗೆ ಹೋಗುತ್ತದೆ. ಬೆಣ್ಣೆಯ ತೂಕದಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬು. ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುವ ಯಕೃತ್ತಿನ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಓಟ್ಸ್ ಮಾಡಿದ್ದನ್ನು ಅಳಿಸಲು ಅಷ್ಟು ಸಾಕು.

ಎಣ್ಣೆಯ ವಿಷಯದಲ್ಲಿ ಇವರು ಪ್ಯಾಕೆಟ್ ಓದುವ ವಿದ್ವಾಂಸರು. ‘ಕೊಲೆಸ್ಟ್ರಾಲ್ ಫ್ರೀ’ ಎಂದು ಬರೆದಿದ್ದರೆ ಆ ಎಣ್ಣೆಯಲ್ಲಿ ಕರಿದ ಮಿರ್ಚಿಯೂ ಪಥ್ಯ. ಕೊಲೆಸ್ಟ್ರಾಲ್ ಪ್ರಾಣಿಮೂಲದ ಆಹಾರದ ಸ್ವತ್ತು. ಸಸ್ಯದ ಎಣ್ಣೆ ಯಾವುದೇ ಇರಲಿ, ಅದರಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲೂ ಇಲ್ಲ, ಆದರೆ ಅದರ ಹೆಚ್ಚುಪಾಲು ಸ್ಯಾಚುರೇಟೆಡ್ ಕೊಬ್ಬೇ. ಈ ಸೀಮೆಯ ಹಳೇ ಶೇಂಗಾ ಎಣ್ಣೆ ಆ ದೃಷ್ಟಿಯಲ್ಲಿ ಎಷ್ಟೋ ವಾಸಿ. ಅದಕ್ಕೆ ಪ್ಯಾಕೆಟ್ಟಿನ ಮಾತುಗಾರಿಕೆ ಇಲ್ಲದ್ದರಿಂದ ಯಜಮಾನರ ಗಮನ ಅತ್ತ ಹೋಗಿಲ್ಲ.

ಮೊಟ್ಟೆ ತಿನ್ನುವ ಶಾಖೆಯವರು ಹಳದಿಯನ್ನು ತ್ಯಾಗ ಮಾಡಿ ಅದನ್ನು ಊರೆಲ್ಲ ಸಾರುತ್ತಾರೆ. ಒಂದು ಹಳದಿಯಲ್ಲಿ 200 ಮಿಲಿಗ್ರಾಂ ಆಸುಪಾಸು ಕೊಲೆಸ್ಟ್ರಾಲ್ ಇರುವುದು ನಿಜ. ಆದರೆ ದೇಹದ ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಎಲ್‌ಡಿಎಲ್ಲನ್ನು ಏರಿಸುವುದರಲ್ಲಿ ಹಳದಿಗಿಂತ ಬೆಣ್ಣೆ-ತುಪ್ಪದ ಪಾತ್ರ ದೊಡ್ಡದು. ತ್ಯಾಗದ ವಸ್ತುವನ್ನು ಆರಿಸುವಾಗ ಯಜಮಾನರು ತೋರುವ ಜಾಣತನ ಮೆಚ್ಚತಕ್ಕದ್ದೇ.

ಕುಡಿಯುವುದರಲ್ಲಿ ಗ್ರೀನ್ ಟೀ ಮುಖ್ಯ. ಕಹಿ ಎಂದು ಅದಕ್ಕೆ ಎರಡು ಚಮಚ ಸಕ್ಕರೆ. ಸಂಜೆ ‘ನ್ಯಾಚುರಲ್’ ಎಂಬ ಕಾರಣಕ್ಕೆ ಕಬ್ಬಿನ ಹಾಲು. ಸಕ್ಕರೆ ಅತಿಯಾದರೆ ಏರುವುದು ಟ್ರೈಗ್ಲಿಸರೈಡ್. ರಿಪೋರ್ಟಿನ ಆ ಸಾಲನ್ನು ಇವರು ಓದುವುದಿಲ್ಲ. ಕೆನೆ ತೆಗೆದ ಮಜ್ಜಿಗೆ ಮನೆಯಲ್ಲೇ ಇರುತ್ತದೆ.

ಮನೆಯಲ್ಲಿ ಇನ್ನೂ ಏನೇನೋ ಇರುತ್ತದೆ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಮೆಂತ್ಯ ಸೊಪ್ಪು, ಬೆಂಡೆಕಾಯಿ. ನಾರಿಗೆ ನಾರು, ಬೆಣ್ಣೆಗೆ ಬದಲಿ. ಯಜಮಾನರು ಸೂಪರ್ ಮಾರ್ಕೆಟ್ಟಿನಿಂದ ‘ಫ್ಲ್ಯಾಕ್ಸ್ ಸೀಡ್ಸ್’ ಪ್ಯಾಕೆಟ್ ಹಿಡಿದು ಬಂದಾಗ ಮನೆಯಾಕೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. “ಇದು ನಮ್ಮ ಅಗಸಿ ಅಲ್ಲೇನ್ರೀ? ಚಟ್ನಿಪುಡಿ ಡಬ್ಬಿ ತುಂಬ ಐತಿ, ಎಣ್ಣಿವಾಸನೆ ಅಂತ ನೀವ ಮೂಗು ಮುರಿದಿದ್ರಿ.” ಪ್ಯಾಕೆಟ್ಟಿನ ಅಗಸೆಗೆ ವಾಸನೆ ಇಲ್ಲ ಎಂಬುದು ಯಜಮಾನರ ಉತ್ತರ.

ಮರುಪರೀಕ್ಷೆಗೆ ಒಂದು ವಾರವಿರುವಾಗ ವ್ರತ ಶುರು. ದೋಸೆ ಬಂದ್, ಸಿಹಿ ಬಂದ್, ಹೋಟೆಲಿನ ಬೀದಿಯಲ್ಲೂ ನಡೆಯುವುದಿಲ್ಲ. ಟ್ರೈಗ್ಲಿಸರೈಡ್ ದಿನಗಳಲ್ಲೇ ಇಳಿಯುವ ಸ್ವಭಾವದ್ದು, ಇಳಿಯುತ್ತದೆ. ಎಲ್‌ಡಿಎಲ್ ಆಹಾರಕ್ಕೆ ಸರಿಯಾಗಿ ಬಗ್ಗಲು ವಾರಗಟ್ಟಲೆ ಬೇಕು, ಬಗ್ಗುವುದಿಲ್ಲ. ಆಗ ದೋಷವೆಲ್ಲ ಲ್ಯಾಬಿನ ಮಷೀನಿನದು. ಡಾಕ್ಟರು ಬರೆದ ಸ್ಟ್ಯಾಟಿನ್ ಗುಳಿಗೆಯನ್ನು ‘ರೂಢಿ ಆಗಿಬಿಟ್ಟೀತು’ ಎಂದು ದಿನ ಬಿಟ್ಟು ದಿನ ನುಂಗುವುದನ್ನು ಯಾರಿಗೂ ಹೇಳುವುದಿಲ್ಲ. ರಕ್ತ ಕೊಡಲು ರಾತ್ರಿಯಿಂದ ಉಪವಾಸವಿರುವುದರಿಂದ ಲ್ಯಾಬಿನಿಂದ ಹೊರಬಂದವರಿಗೆ ಹಸಿವು ಜೋರಾಗಿರುತ್ತದೆ, ಮತ್ತು ಮುಂದಿನ ಪರೀಕ್ಷೆ ಆರು ತಿಂಗಳ ದೂರದಲ್ಲಿರುತ್ತದೆ.