ಹಳೇ ಗಾರೆ ಗೋಡೆಗೆ ತೇಪೆ ಹಚ್ಚುವ ಕ್ರಮ

ಬೇಕಾಗುವ ಸಾಮಾನು: ಕರಣೆ, ಉಜ್ಜುವ ಹಲಗೆ, ಬಕೆಟ್ಟು, ಬ್ರಷ್ಷು, ಜರಡಿ ಹಿಡಿದ ಮರಳು, ಚೆನ್ನಾಗಿ ನೆನೆದ ಸುಣ್ಣ, ಮತ್ತು "ಬಿಡಿ ಸಾರ್, ಸಿಮೆಂಟ್ ಮೆತ್ತಿ ಪುಟ್ಟಿ ಎಳೆದರೆ ಮುಗೀತು" ಎನ್ನುವ ಮೇಸ್ತ್ರಿಗೆ ಕಿವುಡಾಗುವ ಶಕ್ತಿ. ಕೊನೆಯದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ.

1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಿಗೂ ಅವುಗಳ ವಾರಗೆಯ ಗೋಡೆಗಳಿಗೂ ಈ ಕ್ರಮ ಅನ್ವಯ.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಬಿರುಕಿನ ಸುತ್ತ ಬೆರಳ ಗೆಣ್ಣಿನಿಂದ ತಟ್ಟಿ. 'ಟಕ್' ಎಂದರೆ ಕ್ಷೇಮ. 'ಡಬ್' ಎಂದರೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ, ಕೆತ್ತಲೇಬೇಕು. ಮೊಳೆ ತೂತು ಊಟದ ತಟ್ಟೆಯಗಲ ಆಗುವಷ್ಟರಲ್ಲಿ ಅತ್ತೆ ಬಂದು, "ಕ್ಯಾಲೆಂಡರ್ ಅಲ್ಲೇ ಇದ್ದಿದ್ರೆ ಏನಾಗ್ತಿತ್ತಪ್ಪಾ?" ಎನ್ನುತ್ತಾರೆ. ಉತ್ತರಿಸಬೇಡಿ, ಕೆತ್ತುತ್ತಿರಿ.

ಹಿತ್ತಲಿನ ಅರ್ಧ ಚೀಲ ಸಿಮೆಂಟ್ ನೆನಪಾಗುವುದು ಈಗಲೇ. ಅದನ್ನು ಪಕ್ಕದ ಮನೆಗೆ ದಾನ ಮಾಡಿ. ಸುಣ್ಣದ ಗೋಡೆ ತೇವ ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟ್ ತೇಪೆ ಅಡ್ಡ ನಿಂತರೆ ತೇವ ಪಕ್ಕಕ್ಕೆ ಸರಿದು, ಅಂಚಿನಲ್ಲಿ ಬಿಳಿ ಉಪ್ಪು ಎದ್ದು, ಹಳೇ ಗಾರೆ ಉದುರುತ್ತದೆ. ಕಡೆಗೆ ತೇಪೆ ಮಾತ್ರ ಗಟ್ಟಿ, ಅದು ಕೂರಲು ಗೋಡೆಯಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣ ಕಣ್ಣಿಗೆ ಹಾರಿದರೆ ತಮಾಷೆಯಲ್ಲ, ಕನ್ನಡಕ ಹಾಕಿಕೊಳ್ಳಿ. ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುತ್ತಿದ್ದರು. ನೀವೂ ಬೆರೆಸಬಹುದು, ಸುದ್ದಿ ಇರುವೆಗಳಿಗೂ ಮುಟ್ಟುತ್ತದೆ.

ಕೆಲಸ ಕೆಡುವುದು ನೀರಿನಲ್ಲಿ. ಒಣಗೋಡೆ ಹೊಸ ಗಾರೆಯ ನೀರನ್ನೆಲ್ಲ ಕುಡಿದುಬಿಟ್ಟರೆ ಅಂಚಿನುದ್ದಕ್ಕೂ ಕೂದಲೆಳೆ ಬಿರುಕು ಗ್ಯಾರಂಟಿ. ಧೂಳು ಹೊಡೆದು ನೀರು ಚಿಮುಕಿಸಿ; ಹೀರಿದ ಮೇಲೆ ಮತ್ತೆ ಚಿಮುಕಿಸಿ. ಮುಟ್ಟಿದರೆ ತಣ್ಣಗಿರಬೇಕು, ಮೇಲೆ ನೀರು ಹೊಳೆಯಬಾರದು. ಗುಳಿಯನ್ನು ಒಂದೇ ಏಟಿಗೆ ತುಂಬಬೇಡಿ. ಒಂದೊಂದು ಪದರ 10 ಮಿ.ಮೀ. ಮೀರದಿರಲಿ. ಮೊದಲ ಪದರದ ಮೈಗೆ ಗೀರು ಹಾಕಿ, ಉಗುರು ಊರದಷ್ಟು ಬಿಗಿದ ಮೇಲೆ ಎರಡನೆಯದನ್ನು ಹಚ್ಚಿ. ಕೊನೆಯದಕ್ಕೆ ಸಣ್ಣ ಮರಳು ಬೆರೆಸಿ, ಕರಣೆ ಒತ್ತಿ ತೀಡಿ.

ನುಣುಪಿನ ಪರೀಕ್ಷೆ: ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಡಿ. ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ನೆಮ್ಮದಿ ಬೇಕಿದ್ದವರು ಈ ಹಂತ ಬಿಡಬಹುದು.

ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತಾ ನಿಧಾನವಾಗಿ ಕಲ್ಲಾಗುತ್ತದೆ. ವಾರಗಟ್ಟಲೆ ಕಾದು, ಪ್ಲಾಸ್ಟಿಕ್ ಪೇಂಟ್ ಬಿಟ್ಟು ಸುಣ್ಣವನ್ನೇ ಹೊಡೆಯಿರಿ. ಮುಂದಿನ ಭಾನುವಾರವೇ ಮಗಳ ನಿಶ್ಚಿತಾರ್ಥವಿದ್ದರೆ ಫೋಟೊದವರಿಗೆ ಎದುರುಗಡೆ ಗೋಡೆ ತೋರಿಸಿ.